ಮಕ್ಕಳ ಫೋನಿಗೆ ಕಾವಲು: ಯಾವುದು ಬೇಕು, ಯಾವುದು ಬೇಡ

ಕಳೆದ ಮಳೆಗಾಲದ ಒಂದು ಶನಿವಾರ ಸಂಜೆ ಕುಮಟೆಯಿಂದ ಪರಿಚಯದ ಅಕ್ಕ ಫೋನ್ ಮಾಡಿದರು. ಮಗ ಶಿರಸಿಯಲ್ಲಿ ಪಿಯುಸಿ ಓದುತ್ತಾನೆ, ವಾರಕ್ಕೊಮ್ಮೆ ದೇವಿಮನೆ ಘಟ್ಟ ಇಳಿದು ಮನೆಗೆ ಬರುತ್ತಾನೆ.

“ತಮ್ಮಾ, ಮಾಣಿ ದೇವಿಮನೆ ಹತ್ರನೇ ನಿಂತೋಯ್ದ. ಮ್ಯಾಪಲ್ಲಿ ಚುಕ್ಕೆ ಅಲ್ಲಾಡ್ತಾ ಇಲ್ಲೆ. ಮುಕ್ಕಾಲು ತಾಸಾತು.”

ಹೊರಗೆ ಮಳೆ ಹೊಡೆಯುತ್ತಿತ್ತು. 2024ರ ಜುಲೈನಲ್ಲಿ ಶಿರೂರಿನ ಗುಡ್ಡ ಹೆದ್ದಾರಿಯ ಮೇಲೆ ಕುಸಿದು ಬಿದ್ದಾಗಿನಿಂದ ನಮ್ಮ ಜಿಲ್ಲೆಯಲ್ಲಿ ಮಳೆಗಾಲದ ಬಸ್ಸು ಹತ್ತು ನಿಮಿಷ ತಡವಾದರೂ ಯಾರಿಗೂ ಸುಮ್ಮನೆ ಕೂರಲಾಗುವುದಿಲ್ಲ. “ಅಕ್ಕಾ, ಚುಕ್ಕೆ ಕೆಳಗೆ ಸಣ್ಣಕ್ಷರದಲ್ಲಿ ಎಂತೋ ಬರದ್ದು, ಅದನ್ನ ಓದು” ಎಂದೆ. ಕನ್ನಡಕ ಹುಡುಕಿ ತಂದು ಓದಿದರು: 46 ನಿಮಿಷದ ಹಿಂದೆ. ಅಂದರೆ ಆ ಚುಕ್ಕೆ ಹುಡುಗ ಈಗ ಇರುವ ಜಾಗವಲ್ಲ, ಅವನ ಫೋನಿಗೆ ಕೊನೆಯ ಸಲ ನೆಟ್‌ವರ್ಕ್ ಸಿಕ್ಕಿದ ಜಾಗ. ಬಸ್ಸು ಅಷ್ಟರಲ್ಲಿ ಘಟ್ಟ ಇಳಿದು ಮುಗಿದಿತ್ತು. ಹುಡುಗ ಒದ್ದೆಯಾಗಿ, ಹಸಿದುಕೊಂಡು ಹೊತ್ತಿಗೆ ಸರಿಯಾಗಿಯೇ ಮನೆ ಸೇರಿದ.

ಅವರು ಆ ಆ್ಯಪ್ ಹಾಕಿಸಿಕೊಂಡು ಎಷ್ಟೋ ತಿಂಗಳಾಗಿತ್ತು. ಅದು ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂದು ಮಾತ್ರ ಯಾರೂ ತಿಳಿಸಿರಲಿಲ್ಲ. ಹತ್ತನೇ ತರಗತಿ ಮುಗಿಸಿ ಮಗ ಅಥವಾ ಮಗಳು ಹಾಸ್ಟೆಲ್ಲಿಗೆ ಹೊರಟಾಗ ಮೊದಲ ಫೋನ್ ಕೊಡಿಸುವುದು ಈಗ ಇಲ್ಲಿಯ ರೂಢಿ. ಅದರ ಬೆನ್ನಿಗೇ “ಒಂದು ಒಳ್ಳೆ ಆ್ಯಪ್ ಹೇಳಿ, ಎಲ್ಲ ಕಾಣಬೇಕು” ಎಂಬ ಬೇಡಿಕೆ. ಶಿರಸಿಯಲ್ಲಿ ಕಂಪ್ಯೂಟರ್ ಕಲಿಸುವ ನನಗೆ ಜೂನ್ ತಿಂಗಳಲ್ಲಿ ಪಾಠಕ್ಕಿಂತ ಈ ಪ್ರಶ್ನೆಗೇ ಹೆಚ್ಚು ಹೊತ್ತು ಹೋಗುತ್ತದೆ.

ಕಾವಲು ಎಂದರೆ ಯಾವ ಕೆಲಸ?

ಪೇರೆಂಟಲ್ ಕಂಟ್ರೋಲ್ ಎಂಬ ಒಂದೇ ಹೆಸರಿನಡಿ ಬೇರೆ ಬೇರೆ ಕೆಲಸಗಳು ಸೇರಿಕೊಂಡಿವೆ. ತೋಟ ಇರುವವರಿಗೆ ಇದು ಬೇಗ ಅರ್ಥವಾಗುತ್ತದೆ. ತೋಟದ ಬಾಗಿಲಿಗೆ ಅಡ್ಡ ಹಾಕುವ ದಣಪೆ ಮಾಡುವ ಕೆಲಸ ಬೇರೆ, ಬೇಲಿಯದ್ದು ಬೇರೆ, ಮಾಳ ಎಂಬ ಎತ್ತರದ ಅಟ್ಟಣೆಯ ಮೇಲೆ ಕೂತು ಕಾಯುವವನದ್ದು ಬೇರೆ.

ಮಗು ಹೊಸ ಆ್ಯಪ್ ಹಾಕಿಕೊಳ್ಳಲು ಹೊರಟಾಗ ನಿಮ್ಮ ಫೋನಿಗೆ ಅನುಮತಿ ಕೇಳಿ ಬರುವುದು ದಣಪೆ. ತೆಗೆಯುವುದೂ ಬಿಡುವುದೂ ನಿಮ್ಮ ಕೈಯಲ್ಲಿ. ಕೆಟ್ಟ ಜಾಲತಾಣಗಳನ್ನು ತಡೆಯುವ ಫಿಲ್ಟರ್ ಬೇಲಿಯಂಥದ್ದು. ಕರಾವಳಿಯವರು ಅದನ್ನು ಬಲೆ ಎಂದುಕೊಂಡರೆ ಇನ್ನೂ ಸರಿ: ಬಲೆಯ ಕಣ್ಣು ತೀರಾ ಸಣ್ಣದಾದರೆ ಮರಿಮೀನೂ ಸಿಕ್ಕಿಬೀಳುತ್ತದೆ, ಅಂದರೆ ಜೀವಶಾಸ್ತ್ರದ ಪಾಠದ ಪುಟವೂ ತೆರೆಯುವುದಿಲ್ಲ. ದೊಡ್ಡದಾದರೆ ಬೇಡದ್ದೆಲ್ಲ ನುಸುಳುತ್ತದೆ. ಇನ್ನು ದಿನಕ್ಕೆ ಇಷ್ಟೇ ಹೊತ್ತು, ರಾತ್ರಿ ಹತ್ತರ ಮೇಲೆ ಬಂದ್ ಎನ್ನುವುದು ಬರೀ ಗಡಿಯಾರದ ಕೆಲಸ. ಮಗು ಎಲ್ಲಿದೆ ಎಂದು ತೋರಿಸುವುದು ಮತ್ತೊಂದು. ಮಗುವಿನ ಮಾತುಕತೆಯನ್ನೇ ಓದುವುದು ಕೊನೆಯದು, ಮಾಳದ ಮೇಲೆ ಕೂತವನ ಕೆಲಸ. ಅದು ಉಳಿದವುಗಳ ಜೊತೆ ಸೇರುವಂಥದ್ದಲ್ಲ, ಅದರ ಕಥೆ ಮುಂದೆ ಹೇಳುತ್ತೇನೆ.

ಹಾಗಾಗಿ ಯಾವ ಆ್ಯಪ್ ಎಂದು ಕೇಳಿದವರನ್ನು ನಾನು ತಿರುಗಿ ಕೇಳುವುದು ಒಂದೇ: ನಿಮಗೆ ಹೆದರಿಕೆ ಯಾವುದರದ್ದು? ರಾತ್ರಿ ಒಂದರವರೆಗೆ ರೀಲ್ಸ್ ನೋಡುವುದಾದರೆ ಗಡಿಯಾರ ಸಾಕು. ಆಟದಲ್ಲಿ ದುಡ್ಡು ಹೋಗುವುದಾದರೆ ದಣಪೆ ಮತ್ತು ಪಾವತಿಯ ಬೀಗ. ಘಟ್ಟದ ಬಸ್ಸಿನ ಹೆದರಿಕೆಯಾದರೆ ಮ್ಯಾಪ್. “ಎಲ್ಲದರದ್ದೂ” ಎಂದರೆ ಇನ್ನೊಂದು ಲೋಟ ಚಾ ಕುಡಿದು ಮತ್ತೆ ಮೊದಲಿಂದ ಮಾತಾಡುತ್ತೇವೆ.

ಫೋನಿನ ಜೊತೆಗೇ ಬರುವುದು

ಮೊದಲ ನಾಲ್ಕು ಕೆಲಸಕ್ಕೆ ದುಡ್ಡು ಕೊಡಬೇಕಾಗಿಲ್ಲ. ಮಗುವಿನದು ಆ್ಯಂಡ್ರಾಯ್ಡ್ ಫೋನ್ ಆದರೆ ಗೂಗಲ್ಲಿನ ಫ್ಯಾಮಿಲಿ ಲಿಂಕ್, ಐಫೋನ್ ಆದರೆ 2018ರಿಂದ ಅದರೊಳಗೇ ಇರುವ ಸ್ಕ್ರೀನ್ ಟೈಮ್. ಎರಡೂ ಉಚಿತ.

ಫ್ಯಾಮಿಲಿ ಲಿಂಕ್ ನಿಂತಿರುವುದು ಖಾತೆಯ ಮೇಲೆ. ಮಗುವಿನ ಫೋನಿನಲ್ಲಿ ಮಗುವಿನದೇ ಗೂಗಲ್ ಖಾತೆ ಇರಬೇಕು, ಅದರಲ್ಲಿ ನಿಜವಾದ ಹುಟ್ಟಿದ ದಿನಾಂಕ ಇರಬೇಕು. ಹತ್ತರಲ್ಲಿ ಎಂಟು ಮನೆಯಲ್ಲಿ ಎಡವುವುದು ಇಲ್ಲಿಯೇ ಎಂದು ನನ್ನ ಅನುಭವ. ಅಂಗಡಿಯಲ್ಲಿ ಫೋನ್ ಕೊಂಡ ದಿನ ಗಡಿಬಿಡಿಯಲ್ಲಿ ಅಪ್ಪನ ಜಿಮೇಲ್ ಹಾಕಿಬಿಟ್ಟಿರುತ್ತಾರೆ. ಇಲ್ಲವೇ “ವಯಸ್ಸು ಸಾಲದು ಅಂತ ಬಂತು” ಎಂದು ಹುಡುಗಿ ತಾನು 1998ರಲ್ಲಿ ಹುಟ್ಟಿದವಳು ಎಂದು ಬರೆದಿರುತ್ತಾಳೆ. ಆಮೇಲೆ ಗೂಗಲ್ಲಿನ ಲೆಕ್ಕದಲ್ಲಿ ಅವಳು ದೊಡ್ಡವಳು. ಮಕ್ಕಳಿಗೆಂದು ಕಂಪನಿ ತಾನಾಗಿ ಹಾಕುವ ಯಾವ ಕಟ್ಟುಪಾಡೂ ಆ ಖಾತೆಗೆ ಅನ್ವಯಿಸುವುದಿಲ್ಲ. ಬೇರೇನೂ ಮಾಡುವ ಮೊದಲು ಈ ದಿನಾಂಕ ನೋಡಿ.

ಖಾತೆ ಸರಿಯಿದ್ದರೆ ಉಳಿದದ್ದು ಅರ್ಧ ತಾಸಿನ ಕೆಲಸ. ನಿಮ್ಮ ಫೋನಿಗೆ ಫ್ಯಾಮಿಲಿ ಲಿಂಕ್ ಹಾಕಿಕೊಳ್ಳಿ. ಮಗುವಿನ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಗೂಗಲ್ ಎಂಬ ವಿಭಾಗಕ್ಕೆ ಹೋಗಿ ಪೇರೆಂಟಲ್ ಕಂಟ್ರೋಲ್ಸ್ ಎಂಬುದನ್ನು ತೆರೆದು ಎರಡನ್ನೂ ಜೋಡಿಸಿ. ಮಗುವಿಗೆ 13 ದಾಟಿದ್ದು ಅದರದೇ ಖಾತೆ ಮೊದಲೇ ಇದ್ದರೆ, ಜೋಡಿಸಲು ಅದರ ಒಪ್ಪಿಗೆಯೂ ಬೇಕು. ಹಾಗಾಗಿ ಮಗು ಮಲಗಿದ ಮೇಲೆ ಕದ್ದು ಮಾಡುವ ಕೆಲಸ ಇದಲ್ಲ. ಜಗಲಿಯ ಮೇಲೆ ಇಬ್ಬರೂ ಕೂತೇ ಮಾಡಬೇಕು.

ಆಮೇಲೆ ನಿಮಗೆ ಕಾಣುವುದು ಇಷ್ಟು: ಯಾವ ಆ್ಯಪ್ ಎಷ್ಟು ಹೊತ್ತು ತೆರೆದಿತ್ತು, ಹೊಸದಾಗಿ ಏನು ಬೇಕೆಂದು ಕೇಳಿದೆ, ಫೋನ್ ಎಲ್ಲಿದೆ. ಕಾಣದ್ದು ಇನ್ನೂ ಮುಖ್ಯ. ಮಗು ಕಳಿಸಿದ ಸಂದೇಶ ಕಾಣುವುದಿಲ್ಲ, ಪರದೆಯ ಮೇಲೆ ಈಗ ಏನಿದೆ ಎಂದು ಕಾಣುವುದಿಲ್ಲ, ಗೂಗಲ್ಲಿನಲ್ಲಿ ಏನು ಹುಡುಕಿತು ಎಂದೂ ಕಾಣುವುದಿಲ್ಲ. ಜಾಲತಾಣಗಳ ಫಿಲ್ಟರ್ ಕೆಲಸ ಮಾಡುವುದು ಕ್ರೋಮ್ ಬ್ರೌಸರಿನಲ್ಲಿ ಮಾತ್ರ. ಇನ್‌ಸ್ಟಾಗ್ರಾಂ ಒಳಗೆ ಯಾವುದೋ ಲಿಂಕ್ ಒತ್ತಿದರೆ ಅಲ್ಲಿಯೇ ತೆರೆಯುವ ಪುಟಕ್ಕೆ ಈ ಬೇಲಿ ಇಲ್ಲ.

ಐಫೋನಿನ ಸ್ಕ್ರೀನ್ ಟೈಮಿನಲ್ಲೂ ಹೆಚ್ಚುಕಡಿಮೆ ಇವೇ ಇವೆ. ಯಾರಿಗೆ ಕರೆ ಮಾಡಬಹುದು ಎಂದು ಕಟ್ಟು ಹಾಕುವುದೂ, ನಗ್ನ ಚಿತ್ರ ಬಂದರೆ ಮಸುಕು ಮಾಡಿ ಎಚ್ಚರಿಸುವುದೂ ಜೊತೆಗಿವೆ. ಅದಕ್ಕೆ ಹಾಕುವ ಗುಟ್ಟಿನ ಸಂಖ್ಯೆ ಫೋನ್ ತೆರೆಯುವ ಸಂಖ್ಯೆಗಿಂತ ಬೇರೆ ಇರಲಿ. ಒಂದು ತೊಡಕು: ಅಪ್ಪನದು ಆ್ಯಂಡ್ರಾಯ್ಡ್, ಮಗಳದು ಯಾರೋ ವಿದೇಶದಿಂದ ತಂದುಕೊಟ್ಟ ಐಫೋನ್ ಎಂದಾದರೆ ದೂರದಿಂದ ನಿಯಂತ್ರಿಸಲು ಆಗುವುದಿಲ್ಲ. ಮಗಳ ಫೋನಿನಲ್ಲೇ ಕೂತು ಎಲ್ಲವನ್ನೂ ಹೊಂದಿಸಬೇಕು. ತಿರುಗುಮುರುಗಾಗಿದ್ದರೆ ಅಡ್ಡಿಯಿಲ್ಲ, ಐಫೋನಿನಿಂದ ಆ್ಯಂಡ್ರಾಯ್ಡನ್ನು ನೋಡಿಕೊಳ್ಳಬಹುದು.

ಚುಕ್ಕೆ ಯಾಕೆ ನಿಲ್ಲುತ್ತದೆ

ಕಾರವಾರದ ಬೋಟಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ದಡ ಕಾಣದಷ್ಟು ದೂರ ಹೋದರೂ ಬೋಟಿನ ಜಿಪಿಎಸ್ ತಾನಿರುವ ಜಾಗ ತೋರಿಸುತ್ತಲೇ ಇರುತ್ತದೆ. ಆದರೆ ಅಲ್ಲಿಂದ ಮನೆಗೆ ಮೊಬೈಲಿನಲ್ಲಿ ಒಂದು ಮಾತು ಹೇಳಲು ಆಗುವುದಿಲ್ಲ. ಯಾಕೆಂದರೆ ಜಿಪಿಎಸ್ ಬರೀ ಕಿವಿ. ಮೇಲಿನ ಉಪಗ್ರಹಗಳ ಸಂಕೇತ ಕೇಳಿಸಿಕೊಂಡು ತಾನೆಲ್ಲಿದ್ದೇನೆ ಎಂದು ಲೆಕ್ಕ ಹಾಕುತ್ತದೆ, ಅದಕ್ಕೆ ಇಂಟರ್‌ನೆಟ್ ಬೇಡ. ಆ ಲೆಕ್ಕವನ್ನು ನಿಮ್ಮ ಫೋನಿಗೆ ತಲುಪಿಸಲು ಮಾತ್ರ ನೆಟ್ ಬೇಕೇ ಬೇಕು.

ದೇವಿಮನೆ ಘಟ್ಟದ ತಿರುವುಗಳಲ್ಲಿ ಮಗುವಿನ ಫೋನಿಗೆ ತಾನೆಲ್ಲಿದ್ದೇನೆ ಎಂದು ಗೊತ್ತಿರುತ್ತದೆ, ಹೇಳಲು ದಾರಿಯಿರುವುದಿಲ್ಲ. ಟವರ್ ಸಿಕ್ಕಿದ ಮೇಲೆ ಚುಕ್ಕೆ ಒಮ್ಮೆಲೇ ಜಿಗಿಯುತ್ತದೆ. ಮಳೆಗಾಲದಲ್ಲಿ ಎರಡು ದಿನ ಕರೆಂಟ್ ಇಲ್ಲದೆ ಟವರಿನ ಬ್ಯಾಟರಿ ಮುಗಿದರೆ ಇಡೀ ಊರಿನ ಚುಕ್ಕೆಗಳು ನಿಂತಲ್ಲೇ ನಿಲ್ಲುತ್ತವೆ. ಚುಕ್ಕೆಯ ಸುತ್ತ ತೆಳು ನೀಲಿ ವೃತ್ತ ಕಂಡರೆ, ಆ ವೃತ್ತದೊಳಗೆ ಎಲ್ಲಿಯಾದರೂ ಇರಬಹುದು ಎಂದರ್ಥ. ದಟ್ಟ ಕಾಡಿನಲ್ಲಿ, ಕಟ್ಟಡದೊಳಗೆ, ಬಸ್ಸಿನೊಳಗೆ ವೃತ್ತ ದೊಡ್ಡದಾಗುತ್ತದೆ. ಅದನ್ನು ನೋಡಿ “ಕಾಲೇಜು ಬಿಟ್ಟು ಪಕ್ಕದ ಬೀದಿಯಲ್ಲಿ ಎಂತ ಮಾಡ್ತಿದ್ದೆ?” ಎಂದು ಜಗಳ ತೆಗೆದವರನ್ನು ನಾನೇ ಕಂಡಿದ್ದೇನೆ. ಹುಡುಗ ಕ್ಲಾಸಿನಲ್ಲೇ ಇದ್ದ.

ಇದರಿಂದ ಹುಟ್ಟುವ ಇನ್ನೊಂದು ಪ್ರಶ್ನೆ: ನೆಟ್ ಇಲ್ಲದಾಗ ಸಮಯದ ಮಿತಿಯ ಗತಿಯೇನು? ಒಮ್ಮೆ ಹಾಕಿದ ಮಿತಿ ಮಗುವಿನ ಫೋನಿನಲ್ಲೇ ಉಳಿದಿರುತ್ತದೆ, ನೆಟ್ ಹೋದರೂ ಜಾರಿಯಲ್ಲಿರುತ್ತದೆ. ನೀವು ಹೊಸದಾಗಿ ಮಾಡಿದ ಬದಲಾವಣೆ ಮಾತ್ರ ನೆಟ್ ಬಂದ ಮೇಲೆ ತಲುಪುತ್ತದೆ. ತೋಟದ ಮನೆಯಲ್ಲಿ ನೆಟ್ ಇಲ್ಲದ ಹೊತ್ತಲ್ಲಿ ಮಗುವಿನ ಫೋನ್ ಬೀಗ ಬಿದ್ದು, ತುರ್ತಾಗಿ ತೆರೆಯಬೇಕಾದರೆ ಫ್ಯಾಮಿಲಿ ಲಿಂಕಿನಲ್ಲಿ ಪೋಷಕರ ಪ್ರವೇಶ ಸಂಖ್ಯೆ ಎಂಬುದಿದೆ. ನಿಮ್ಮ ಫೋನಿನಲ್ಲಿ ಕಾಣುವ ಆ ಅಂಕಿಗಳನ್ನು ಮಗುವಿನ ಫೋನಿನಲ್ಲಿ ಒತ್ತಿದರೆ ನೆಟ್ ಇಲ್ಲದೆಯೂ ತೆರೆಯುತ್ತದೆ. ನಮ್ಮ ಕಡೆಗೆಂದೇ ಮಾಡಿದ ಹಾಗಿದೆ.

ಮನೆಗೆಲ್ಲ ಒಂದೇ ಫೋನ್ ಇದ್ದರೆ

ಈ ಆ್ಯಪ್‌ಗಳೆಲ್ಲ ಮಗುವಿಗೆ ಸ್ವಂತ ಫೋನ್ ಇದೆ ಎಂದುಕೊಂಡೇ ಮಾಡಿದವು. ಎಷ್ಟೋ ಮನೆಗಳಲ್ಲಿ ಹಾಗಿಲ್ಲ. ಶಾಲೆಯ ವಾಟ್ಸ್ಆ್ಯಪ್ ಗುಂಪಿಗೆ ಮನೆಪಾಠ ಬರುವುದು, ಮಳೆಗೆ ರಜೆ ಎಂಬ ಸುದ್ದಿ ಬರುವುದು ಎರಡೂ ಅಮ್ಮನ ಫೋನಿಗೇ. ಅದೇ ಫೋನಿನಲ್ಲಿ ಬ್ಯಾಂಕಿನ ಸಂದೇಶ, ಫೋನ್‌ಪೇ ಎಲ್ಲ ಇರುತ್ತದೆ.

ಇಂಥಲ್ಲಿ ಉಪಯೋಗಕ್ಕೆ ಬರುವುದು ಆ್ಯಪ್ ಪಿನ್ನಿಂಗ್. ಆ್ಯಂಡ್ರಾಯ್ಡ್ ಸೆಟ್ಟಿಂಗ್ಸ್‌ನ ಸುರಕ್ಷತೆಯ ವಿಭಾಗದಲ್ಲಿ ಅದನ್ನು ಒಮ್ಮೆ ಚಾಲು ಮಾಡಿದರೆ, ಒಂದು ಆ್ಯಪನ್ನು ಪರದೆಗೆ ಮೊಳೆ ಹೊಡೆದ ಹಾಗೆ ನಿಲ್ಲಿಸಬಹುದು. ಹೊರಬರಲು ಪಿನ್ ಕೇಳುವ ಆಯ್ಕೆಯನ್ನೂ ಚಾಲು ಮಾಡಿದ್ದರೆ, ನಿಮ್ಮ ಪಿನ್ ಒತ್ತದೆ ಮಗು ಅದರಿಂದ ಹೊರಗೆ ಬರಲಾರದು. ಐಫೋನಿನಲ್ಲಿ ಇದಕ್ಕೆ ಗೈಡೆಡ್ ಆಕ್ಸೆಸ್ ಎಂದು ಹೆಸರು. ಜೊತೆಗೆ ಪ್ಲೇ ಸ್ಟೋರಿನಲ್ಲಿ ಪ್ರತಿ ಖರೀದಿಗೂ ಗುರುತು ಕೇಳುವ ಹಾಗೆ ಹೊಂದಿಸಿ. ಯುಪಿಐ ಪಿನ್ ಮಗುವಿನೆದುರು ಒತ್ತಬೇಡಿ. ಅಂಗಡಿಯಲ್ಲಿ ಅಮ್ಮನ ಬೆನ್ನ ಹಿಂದೆ ನಿಂತ ಎಂಟು ವರ್ಷದವರ ಕಣ್ಣು ಬಲು ಚುರುಕು.

ಮನೆಗೆ ಫೈಬರ್ ವೈಫೈ ಇದ್ದರೆ ಇನ್ನೊಂದು ಸುಲಭದ ಬೇಲಿ ಹಾಕಬಹುದು. ನೀವು ಜಾಲತಾಣದ ಹೆಸರು ಬರೆದಾಗ ಅದರ ಸಂಖ್ಯೆ ಹುಡುಕಿಕೊಡುವ ಡೈರೆಕ್ಟರಿಯಂಥ ವ್ಯವಸ್ಥೆಗೆ ಡಿಎನ್‌ಎಸ್ ಎನ್ನುತ್ತಾರೆ. ಕ್ಲೌಡ್‌ಫ್ಲೇರ್ ಕಂಪನಿ 2020ರಿಂದ 1.1.1.3 ಎಂಬ ಉಚಿತ ಡಿಎನ್‌ಎಸ್ ಕೊಡುತ್ತಿದೆ. ಅದು ಅಶ್ಲೀಲ ತಾಣಗಳ, ವೈರಸ್ ಹರಡುವ ತಾಣಗಳ ಸಂಖ್ಯೆಯನ್ನು ಹೇಳುವುದೇ ಇಲ್ಲ. ಕೇಬಲ್ಲಿನ ಹುಡುಗನಿಗೆ ಹೇಳಿದರೆ ರೌಟರಿನಲ್ಲಿ ಹಾಕಿಕೊಡುತ್ತಾನೆ. ಮಗು ವೈಫೈ ಬಿಟ್ಟು ಮೊಬೈಲ್ ಡೇಟಾ ಹಾಕಿಕೊಂಡರೆ ಈ ಬೇಲಿ ಇಲ್ಲ.

ವಾಟ್ಸ್ಆ್ಯಪ್ ಓದಿಸುವ ಆ್ಯಪ್‌ಗಳು

ಈಗ ಮಾಳದ ಮೇಲಿನವನ ಕಥೆ. “ಮಗನ ವಾಟ್ಸ್ಆ್ಯಪ್ ನಿಮ್ಮ ಫೋನಿನಲ್ಲಿ ನೋಡಿ, ಅವನಿಗೆ ಗೊತ್ತಾಗುವುದೇ ಇಲ್ಲ” ಎಂಬ ಜಾಹೀರಾತು ನೀವೂ ಕಂಡಿರಬಹುದು. ವಾಟ್ಸ್ಆ್ಯಪ್ ಸಂದೇಶ ಅಂಟಿಸಿದ ಲಕೋಟೆಯ ಹಾಗೆ ಹೋಗುತ್ತದೆ, ನಡುವೆ ಕಂಪನಿಯವರೂ ಓದಲಾರರು ಎನ್ನುತ್ತಾರಲ್ಲ, ಮತ್ತೆ ಇವರು ಹೇಗೆ ಓದುತ್ತಾರೆ?

ಲಕೋಟೆ ಅಂಟಿರುವುದು ದಾರಿಯಲ್ಲಿ ಮಾತ್ರ. ಮಗುವಿನ ಫೋನಿಗೆ ಬಂದ ಮೇಲೆ ಅದು ತೆರೆಯಲೇಬೇಕು, ಇಲ್ಲದಿದ್ದರೆ ಮಗುವೇ ಓದಲಾರದು. ಈ ಆ್ಯಪ್ ಮಗುವಿನ ಭುಜದ ಹಿಂದೆ ನಿಂತು ಪರದೆಯನ್ನು ಓದುತ್ತದೆ. ಅದಕ್ಕೆ ಸಾಮಾನ್ಯವಾಗಿ ಬಳಸುವ ದಾರಿ ಆಕ್ಸೆಸಿಬಿಲಿಟಿ ಎಂಬ ಅನುಮತಿ. ಕಣ್ಣು ಕಾಣದವರಿಗೆ ಪರದೆಯ ಮೇಲಿನದನ್ನು ಓದಿ ಹೇಳಲು ಮಾಡಿದ ಒಳ್ಳೆಯ ವ್ಯವಸ್ಥೆ ಅದು. ಅದನ್ನು ಪಡೆದ ಆ್ಯಪ್ ಪರದೆಯ ಮೇಲೆ ಬರುವ ಹೆಚ್ಚುಕಡಿಮೆ ಎಲ್ಲವನ್ನೂ ಓದಬಲ್ಲದು, ಒಟಿಪಿ ಕೂಡ. ಓದಿದ್ದನ್ನೆಲ್ಲ ತನ್ನ ಕಂಪನಿಯ ಕಂಪ್ಯೂಟರಿಗೆ ಕಳಿಸುತ್ತದೆ. ನೀವು ನೋಡುವುದು ಅಲ್ಲಿಂದ. ಹಾಗಾಗಿ ಮಗುವಿನ ಫೋಟೊ, ಮಾತು, ಓಡಾಟ ಎಲ್ಲ ನಿಮ್ಮ ಕಣ್ಣಿಗೆ ಬೀಳುವ ಮೊದಲು ಎಲ್ಲೋ ದೂರದ, ಮುಖ ಕಾಣದವರ ಉಗ್ರಾಣದಲ್ಲಿ ಕೂತಿರುತ್ತವೆ.

ಆ ಉಗ್ರಾಣದ ಬೀಗ ಎಷ್ಟು ಗಟ್ಟಿ ಎಂಬುದಕ್ಕೆ ದಾಖಲೆ ಇದೆ. ಪೋಷಕರಿಗೆಂದೇ ಮಾರುವ ಎಂಸ್ಪೈ ಎಂಬ ಆ್ಯಪಿನ ಮಾಹಿತಿ 2015ರಲ್ಲಿ, 2018ರಲ್ಲಿ, ಮತ್ತೆ 2024ರಲ್ಲಿ ಸೋರಿಹೋಯಿತು. ಸ್ಪೈಫೋನ್ ಎಂಬ ಕಂಪನಿಯನ್ನು ಅಮೆರಿಕದ ವ್ಯಾಪಾರ ಆಯೋಗ 2021ರಲ್ಲಿ ಈ ವ್ಯವಹಾರದಿಂದಲೇ ಹೊರಹಾಕಿತು. ಅಡಗಿ ಕೂತು ಬೇಹು ನಡೆಸುವ ಆ್ಯಪ್‌ಗಳಿಗೆ ಗೂಗಲ್ ಪ್ಲೇ ಸ್ಟೋರಿನಲ್ಲಿ ಜಾಗವಿಲ್ಲ. ಅಲ್ಲಿರುವ ಮೇಲ್ವಿಚಾರಣೆಯ ಆ್ಯಪ್ ತಾನು ಕೆಲಸ ಮಾಡುತ್ತಿದ್ದೇನೆ ಎಂದು ಮಗುವಿಗೆ ಕಾಣುವಂತೆ ಸೂಚನೆ ತೋರಿಸಲೇಬೇಕು. ಆದ್ದರಿಂದಲೇ ಮಾರುವವನು “ಪ್ಲೇ ಸ್ಟೋರ್ ಬೇಡ, ಈ ಲಿಂಕಿನಿಂದ ಇಳಿಸಿಕೊಳ್ಳಿ, ಪ್ಲೇ ಪ್ರೊಟೆಕ್ಟ್ ಬಂದ್ ಮಾಡಿ” ಎನ್ನುತ್ತಾನೆ. ಪ್ಲೇ ಪ್ರೊಟೆಕ್ಟ್ ಎಂದರೆ ಫೋನಿನ ಕಾವಲು ನಾಯಿ. ಕಳ್ಳನನ್ನು ಹಿಡಿಯುತ್ತೇನೆ ಎಂದು ಬಂದವನು ಮೊದಲು ನಾಯಿ ಕಟ್ಟಿಹಾಕಿ ಎಂದರೆ ಅಲ್ಲಿಗೇ ಎದ್ದು ಬರಬಹುದು.

ನನ್ನ ಲೆಕ್ಕದಲ್ಲಿ ಆಯ್ಕೆಯ ಒರೆಗಲ್ಲು ಇಲ್ಲಿದೆ. ಮಗುವಿಗೆ ಕಾಣುವ ಹಾಗೆ ಕೆಲಸ ಮಾಡುವ ಆ್ಯಪ್ ಇರಲಿ, ಅಡಗಿ ಕೂರುವುದು ಬೇಡ. ಸಿಕ್ಕಿಬಿದ್ದಾಗ ಮಗು ಎರಡನೇ ಸಿಮ್, ಎರಡನೇ ಖಾತೆ ಮಾಡಿಕೊಳ್ಳುವುದನ್ನು ಇಲ್ಲಿ ಬೇಕಷ್ಟು ನೋಡಿಯಾಗಿದೆ.

ಇನ್‌ಸ್ಟಾಗ್ರಾಂ, ಯೂಟ್ಯೂಬ್

ಅಪರಿಚಿತರ ಸಂದೇಶದ ಹೆದರಿಕೆಗೆ ಮದ್ದು ಆಯಾ ಆ್ಯಪಿನೊಳಗೇ ಇದೆ. ಇನ್‌ಸ್ಟಾಗ್ರಾಂ 13ರಿಂದ 17 ವರ್ಷದವರಿಗೆ ಟೀನ್ ಅಕೌಂಟ್ ಎಂಬುದನ್ನು 2024ರಲ್ಲಿ ತಂದಿತು, ಭಾರತಕ್ಕೆ 2025ರಲ್ಲಿ ಬಂತು. ಇದರಲ್ಲಿ ಖಾತೆ ತಾನಾಗಿ ಖಾಸಗಿ ಇರುತ್ತದೆ, ಅಲ್ಲಿ ಮಗುವಿನ ಜೊತೆ ಜೋಡಿಕೊಂಡಿಲ್ಲದ ಅಪರಿಚಿತರು ಸಂದೇಶ ಕಳಿಸಲು ಆಗುವುದಿಲ್ಲ, ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ಸೂಚನೆಗಳು ಸದ್ದು ಮಾಡುವುದಿಲ್ಲ. 16ರ ಒಳಗಿನವರು ಈ ಕಟ್ಟುಗಳನ್ನು ಸಡಿಲಿಸಲು ಪೋಷಕರ ಒಪ್ಪಿಗೆ ಬೇಕು. ಮೇಲ್ವಿಚಾರಣೆ ಜೋಡಿಸಿಕೊಂಡರೆ ಕಳೆದ ಏಳು ದಿನದಲ್ಲಿ ಮಗು ಯಾರ ಜೊತೆ ಮಾತಾಡಿದೆ ಎಂಬುದು ನಿಮಗೆ ಕಾಣುತ್ತದೆ, ಏನು ಮಾತಾಡಿದೆ ಎಂಬುದು ಕಾಣುವುದಿಲ್ಲ. ಇದೆಲ್ಲವೂ ಮತ್ತೆ ಆ ಹುಟ್ಟಿದ ದಿನಾಂಕದ ಮೇಲೇ ನಿಂತಿದೆ.

ಸಣ್ಣವರಿಗೆ ಯೂಟ್ಯೂಬ್ ಕಿಡ್ಸ್. ಅದನ್ನು ಬೇಡ ಎನ್ನುವ ವಯಸ್ಸಿಗೆ ಬಂದವರಿಗೆ ಫ್ಯಾಮಿಲಿ ಲಿಂಕಿನ ಮೂಲಕವೇ ಮಾಮೂಲಿ ಯೂಟ್ಯೂಬಿಗೆ ಮೂರು ಹಂತದ ಮಿತಿ ಹಾಕಬಹುದು.

ದುಡ್ಡು ಕೊಟ್ಟು ಕೊಳ್ಳುವವು

ಕ್ಯುಸ್ಟೋಡಿಯೊ, ನಾರ್ಟನ್ ಫ್ಯಾಮಿಲಿಯಂಥವು ವರ್ಷಕ್ಕಿಷ್ಟು ಎಂದು ಚಂದಾ ತೆಗೆದುಕೊಳ್ಳುತ್ತವೆ. ಕಂಪ್ಯೂಟರ್, ಟ್ಯಾಬ್, ಫೋನ್ ಎಲ್ಲವನ್ನೂ ಒಂದೇ ಕಡೆಯಿಂದ ನೋಡಬೇಕಾದವರಿಗೆ ಇವು ಅನುಕೂಲ. ಕೆಲವು ಆ್ಯಪ್‌ಗಳು ಮಗುವಿನ ಸಂದೇಶದಲ್ಲಿ ಅಪಾಯದ ಮಾತು ಕಂಡರೆ ಎಚ್ಚರಿಸುತ್ತೇವೆ ಎನ್ನುತ್ತವೆ. ಕೇಳಲು ಚೆನ್ನಾಗಿದೆ. ಆದರೆ ನಮ್ಮ ಮಕ್ಕಳು ಬರೆಯುವುದು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ, ನಡುವೆ ಹವ್ಯಕ, ಕಾರವಾರದ ಕಡೆಯಾದರೆ ಕೊಂಕಣಿ, ಮೇಲೆ ನಾಲ್ಕು ಇಮೋಜಿ. ಅದನ್ನು ಅರ್ಥ ಮಾಡಿಕೊಳ್ಳಲು ಕೆಲವೊಮ್ಮೆ ನನಗೇ ಆಗುವುದಿಲ್ಲ. ಹಾಗಾಗಿ ಪುಕ್ಕಟೆ ಪರೀಕ್ಷೆಯ ದಿನಗಳಲ್ಲಿ ನೀವೇ ಇನ್ನೊಂದು ಫೋನಿನಿಂದ ಹಾಗೆ ಬರೆದು ಕಳಿಸಿ, ಎಚ್ಚರಿಕೆ ಬರುತ್ತದೆಯೇ ನೋಡಿ. ಬರದಿದ್ದರೆ ದುಡ್ಡು ಉಳಿಯಿತು. ಮಾಹಿತಿಯನ್ನು ಬೇರೆಯವರಿಗೆ ಮಾರುತ್ತಾರೆಯೇ ಎಂಬುದನ್ನೂ ಅವರ ಗೋಪ್ಯತಾ ನೀತಿಯಲ್ಲಿ ಹುಡುಕಿ. ಮನೆಮಂದಿಯ ಓಡಾಟ ತೋರಿಸುವ ಲೈಫ್360 ಎಂಬ ಜನಪ್ರಿಯ ಆ್ಯಪ್ ಬಳಕೆದಾರರ ಸ್ಥಳದ ಮಾಹಿತಿಯನ್ನು ದಲ್ಲಾಳಿಗಳಿಗೆ ಮಾರುತ್ತಿದ್ದದ್ದು 2021ರಲ್ಲಿ ಹೊರಬಿತ್ತು.

ಕಾನೂನಿನಲ್ಲಿ ಮಗು ಎಂದರೆ ಯಾರು

ನಮ್ಮ ದೇಶದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರದ್ದು, ಅದರ ನಿಯಮಗಳು ಹೊರಬಂದದ್ದು 2025ರ ನವೆಂಬರಿನಲ್ಲಿ. ಅದರ ಪ್ರಕಾರ 18 ತುಂಬುವವರೆಗೆ ಮಗು. ಮಗುವಿನ ಮಾಹಿತಿ ಬಳಸುವ ಮೊದಲು ಕಂಪನಿ ಪೋಷಕರ ಒಪ್ಪಿಗೆ ಪಡೆಯಬೇಕು, ಮಕ್ಕಳ ಬೆನ್ನು ಹತ್ತಿ ಜಾಹೀರಾತು ತೋರಿಸುವಂತಿಲ್ಲ. ಈ ಅಂಶಗಳು ಹಂತಹಂತವಾಗಿ ಜಾರಿಗೆ ಬರುತ್ತವೆ. ಇದು ಕಂಪನಿಗಳಿಗೆ ಹಾಕಿದ ಕಟ್ಟು, ಮನೆಯಲ್ಲಿ ಅಪ್ಪ ಅಮ್ಮ ನೋಡಿಕೊಳ್ಳುವುದಕ್ಕೆ ಅಲ್ಲ. ಆದರೆ ಮಗುವಿಗೆಂದು ಕಲಿತ ವಿದ್ಯೆಯನ್ನು ಹೆಂಡತಿಯ, ಗಂಡನ ಅಥವಾ 18 ದಾಟಿದ ಮಗಳ ಫೋನಿನ ಮೇಲೆ ಗುಟ್ಟಾಗಿ ಪ್ರಯೋಗಿಸಿದರೆ ಐಟಿ ಕಾಯ್ದೆಯಡಿ ಅಪರಾಧವಾಗಬಹುದು.

ಆಗಬಾರದ್ದು ಆದರೆ

ಯಾರೋ ಮಗುವಿನ ಫೋಟೊ ತಿರುಚಿ ಹೆದರಿಸುತ್ತಿದ್ದಾರೆ, ದುಡ್ಡು ಕೇಳುತ್ತಿದ್ದಾರೆ ಎಂದಾಗ ಯಾವ ಆ್ಯಪೂ ಉಪಯೋಗಕ್ಕಿಲ್ಲ. ಮಕ್ಕಳ ಸಹಾಯವಾಣಿ 1098. ದುಡ್ಡು ಹೋಗಿದ್ದರೆ ಸೈಬರ್ ಸಹಾಯವಾಣಿ 1930, ಎಷ್ಟು ಬೇಗ ಕರೆ ಮಾಡಿದರೆ ಅಷ್ಟು ಒಳ್ಳೆಯದು. ಕೇಂದ್ರ ಸರ್ಕಾರದ ಸೈಬರ್ ಅಪರಾಧ ಪೋರ್ಟಲ್ಲಿನಲ್ಲಿ ಮಕ್ಕಳ ಮೇಲಿನ ಇಂಥ ಅಪರಾಧವನ್ನು ಹೆಸರು ಹೇಳದೆಯೂ ದಾಖಲಿಸಬಹುದು. ಜಿಲ್ಲೆಯ ಸೈಬರ್ ಠಾಣೆ ಇರುವುದು ಕಾರವಾರದಲ್ಲಿ. ಹಾಗೆಂದು ಶಿರಸಿ, ಸಿದ್ದಾಪುರದವರು ಮಳೆಯಲ್ಲಿ ಘಟ್ಟ ಇಳಿದು ಹೋಗಲೇಬೇಕೆಂದಿಲ್ಲ, ಹತ್ತಿರದ ಠಾಣೆಯಲ್ಲೇ ದೂರು ಕೊಡಬಹುದು.

ಹೆದರಿಸಿದವನ ಖಾತೆಯ ಹೆಸರು, ಸಂದೇಶ ಬಂದ ದಿನ, ಹೊತ್ತು, ದುಡ್ಡು ಕೇಳಿದ ಯುಪಿಐ ವಿಳಾಸ ಇವನ್ನು ಬರೆದಿಟ್ಟುಕೊಳ್ಳಿ. ಆ ಫೋಟೊವನ್ನು ಭಾವನಿಗೆ, ಚಿಕ್ಕಪ್ಪನಿಗೆ “ನೋಡು ಏನು ಮಾಡೋದು” ಎಂದು ಕಳಿಸಬೇಡಿ. ಅದೂ ಹರಡಿದಂತೆಯೇ. 18ರ ಒಳಗಿನವರ ನಗ್ನ ಅಥವಾ ಅರೆನಗ್ನ ಚಿತ್ರ ಹರಡದಂತೆ ತಡೆಯಲು ಅಮೆರಿಕದ ಮಕ್ಕಳ ರಕ್ಷಣೆಯ ಸಂಸ್ಥೆಯೊಂದು ನಡೆಸುವ ಟೇಕ್ ಇಟ್ ಡೌನ್ ಎಂಬ ಉಚಿತ ಸೇವೆ ಇದೆ. ಇಲ್ಲಿಂದಲೂ ಬಳಸಬಹುದು, ಹೆಸರು ಹೇಳಬೇಕಾಗಿಲ್ಲ. ಚಿತ್ರ ನಿಮ್ಮ ಫೋನ್ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಅದರ ಬೆರಳಚ್ಚಿನಂಥ ಒಂದು ಸಂಖ್ಯೆ ಮಾತ್ರ ಹೋಗುತ್ತದೆ, ಸೇವೆಗೆ ಸೇರಿದ ಕಂಪನಿಗಳು ಅದಕ್ಕೆ ಹೊಂದುವ ಚಿತ್ರ ಕಂಡಲ್ಲಿ ತೆಗೆದುಹಾಕುತ್ತವೆ. ಬೆರಳಚ್ಚು ತೆಗೆಯಲು ಚಿತ್ರ ಫೋನಿನಲ್ಲಿ ಇರಬೇಕು. ಗಾಬರಿಯಲ್ಲಿ ಮೊದಲು ಅದನ್ನೇ ಅಳಿಸಿಬಿಟ್ಟರೆ ಈ ದಾರಿ ಮುಚ್ಚಿಹೋಗುತ್ತದೆ.